ಇಂಚಿಗೆ ಒಂಬತ್ತು ದಿನ

1,84,46,74,40,73,70,95,51,616. ಒಂದು ವಿಡಿಯೊ ಗೇಮಿನೊಳಗಿರುವ ಗ್ರಹಗಳ ಲೆಕ್ಕ ಇದು. 2016ರ ಆಗಸ್ಟ್ ತಿಂಗಳಲ್ಲಿ ಇಂಗ್ಲೆಂಡಿನ ಹಲೋ ಗೇಮ್ಸ್ ಎಂಬ ಪುಟ್ಟ ಕಂಪನಿ ಹೊರತಂದ ‘ನೋ ಮ್ಯಾನ್ಸ್ ಸ್ಕೈ’ ಆಟದಲ್ಲಿ ಆಡುವವನು ಹಡಗು ಹತ್ತಿ ಹೊರಟರೆ ಇವುಗಳಲ್ಲಿ ಯಾವ ಗ್ರಹಕ್ಕೆ ಬೇಕಾದರೂ ಇಳಿಯಬಹುದು. ಊಟ ನಿದ್ದೆ ಬಿಟ್ಟು, ಸೆಕೆಂಡಿಗೆ ಒಂದರಂತೆ ನೋಡುತ್ತ ಹೋದರೂ ಎಲ್ಲ ಮುಗಿಯಲು ಸುಮಾರು 58,450 ಕೋಟಿ ವರ್ಷ ಬೇಕು. ನಾವಿರುವ ಈ ಬ್ರಹ್ಮಾಂಡಕ್ಕೆ ಇಲ್ಲಿಯವರೆಗೆ ಆಗಿರುವ ವಯಸ್ಸು ಸುಮಾರು 1,380 ಕೋಟಿ ವರ್ಷ.

ಈ ಸಂಖ್ಯೆ ನಮಗೆ ಹೊಸದೇನೂ ಅಲ್ಲ. ಚದುರಂಗದ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ಕೇಳುತ್ತ ಹೋಗಿ ರಾಜನ ಕಣಜ ಬರಿದು ಮಾಡಿದ ಜಾಣನ ಕತೆ ಇದೆಯಲ್ಲ, ಅದರ 64 ಮನೆಗಳ ಒಟ್ಟು ಕಾಳಿಗೂ ಈ ಗ್ರಹಗಳಿಗೂ ಇರುವ ಅಂತರ ಒಂದೇ ಒಂದು. ಗ್ರಹ ಒಂದು ಹೆಚ್ಚು. ನಮ್ಮ ಕೊಪ್ಪಳ ಜಿಲ್ಲೆಯ ಯಲಬುರ್ಗಾದ ಎರೆ ಹೊಲದ ಬಿಳಿಜೋಳದಲ್ಲೇ ಇದನ್ನು ಅಳೆಯೋಣ. ಸಾವಿರ ಕಾಳಿಗೆ 30 ಗ್ರಾಂ ಎಂದು ಹಿಡಿದರೆ ಅಷ್ಟು ಕಾಳಿನ ತೂಕ 55,000 ಕೋಟಿ ಟನ್ ದಾಟುತ್ತದೆ. ಜಗತ್ತೆಲ್ಲ ಸೇರಿ ವರ್ಷಕ್ಕೆ ಬೆಳೆಯುವ ಜೋಳ ಸುಮಾರು 6 ಕೋಟಿ ಟನ್. ಒಂಬತ್ತು ಸಾವಿರ ಸುಗ್ಗಿಗಳ ಜೋಳವನ್ನು ಒಂದೇ ಕಣದಲ್ಲಿ ರಾಶಿ ಹಾಕಬೇಕು.

ಆದರೆ ಆ ಗ್ರಹಗಳಲ್ಲಿ ಒಂದನ್ನೂ ಯಾರೂ ಕೂತು ಮಾಡಿಲ್ಲ. ಆಡುವವನು ಹತ್ತಿರ ಬಂದಾಗ ಒಂದು ಗಣಿತಸೂತ್ರ ಆ ಗ್ರಹದ ಗುಡ್ಡ, ಗಿಡ, ಪ್ರಾಣಿಗಳನ್ನು ಆ ಕ್ಷಣಕ್ಕೆ ಲೆಕ್ಕ ಹಾಕಿ ತೋರಿಸುತ್ತದೆ; ಅವನು ಹೊರಟುಹೋದರೆ ಅಳಿಸಿಬಿಡುತ್ತದೆ. ಅದೂ ದೊಡ್ಡ ಜಾಣ್ಮೆಯೇ, ನನಗೆ ಅದರ ಬಗ್ಗೆ ಗೌರವವಿದೆ. ಆದರೂ ಈ ಇಪ್ಪತ್ತು ಅಂಕಿಗಳ ಸಂಖ್ಯೆಯ ಪಕ್ಕದಲ್ಲಿ ಇನ್ನೊಂದು ಸಂಖ್ಯೆಯನ್ನು ಇಟ್ಟು ನೋಡಿದಾಗ ನನ್ನ ಮೈ ಜುಮ್ಮೆನ್ನುವುದು ಆ ಎರಡನೆಯದಕ್ಕೆ. ಅದು ಬರೀ ಹತ್ತು. ಹತ್ತು ಅಡಿ.

ಲಂಡನ್ನಿನ ಸ್ಟೇಟ್ ಆಫ್ ಪ್ಲೇ ಎಂಬ ತಂಡ 2014ರ ಡಿಸೆಂಬರಿನಲ್ಲಿ ‘ಲುಮಿನೋ ಸಿಟಿ’ ಎಂಬ ಒಗಟಿನ ಆಟ ಬಿಡುಗಡೆ ಮಾಡಿತು. ಲುಮಿ ಎಂಬ ಹುಡುಗಿಯ ಅಜ್ಜನನ್ನು ಯಾರೋ ಹೊತ್ತೊಯ್ದಿದ್ದಾರೆ. ಅವನನ್ನು ಹುಡುಕಿಕೊಂಡು ಅವಳು ಒಂದು ವಿಚಿತ್ರ ನಗರದೊಳಗೆ ಹೋಗುತ್ತಾಳೆ. ಕತೆ ಇಷ್ಟೇ. ಆದರೆ ಆ ನಗರ ನಿಜವಾಗಿಯೂ ಇತ್ತು. ಕಾಗದ, ರಟ್ಟು, ಪುಟ್ಟ ಬಲ್ಬುಗಳು, ಪುಟ್ಟ ಮೋಟರುಗಳಿಂದ ಹತ್ತು ಅಡಿ ಎತ್ತರದ ಊರೊಂದನ್ನು ಅವರು ಕೈಯಾರೆ ಕಟ್ಟಿದ್ದರು. ಆಕಾಶದಲ್ಲಿ ತೂಗುವ ತೋಟಗಳು, ಭಾರಿ ನೀರಗಾಲಿಯ ಮೇಲೆ ಸಿಕ್ಕಿಕೊಂಡ ಗೋಪುರಗಳು, ಕಡಿದಾದ ಬಂಡೆಯಲ್ಲಿ ಕೊರೆದ ಮನೆಗಳು. ಒಂದೊಂದು ಬಲ್ಬಿಗೂ ಒಂದೊಂದು ಮೋಟರಿಗೂ ಬೇರೆ ಬೇರೆಯಾಗಿ ವೈರು ಎಳೆದು, ಕ್ಯಾಮೆರಾ ಇಟ್ಟು ಚಿತ್ರ ತೆಗೆದು, ಅದರೊಳಗೆ ಲುಮಿಯನ್ನು ಓಡಾಡಿಸಿದರು. ಕೆಲಸ ಮುಗಿಯಲು ಮೂರು ವರ್ಷ ಹಿಡಿಯಿತು. ಮುಂದಿನ ವರ್ಷ ಅದಕ್ಕೆ ಕಲಾಸಾಧನೆಯ ಬಾಫ್ಟಾ ಪ್ರಶಸ್ತಿ ಬಂತು.

ಮೂರು ವರ್ಷ ಎಂದರೆ 1,095 ದಿನ. ಹತ್ತು ಅಡಿ ಎಂದರೆ 120 ಇಂಚು. ಇಡೀ ಆಟದ ದುಡಿಮೆಯನ್ನು ಆ ಎತ್ತರಕ್ಕೆ ಹಂಚಿದರೆ ಇಂಚಿಗೆ ಒಂಬತ್ತು ದಿನ ಬೀಳುತ್ತದೆ. ಒಂದು ಕಡೆ ಬೇಕೆಂದಾಗ ಹುಟ್ಟುವ ಲಕ್ಷ ಕೋಟಿ ಕೋಟಿ ಗ್ರಹಗಳು. ಇನ್ನೊಂದು ಕಡೆ ಹೆಬ್ಬೆರಳಿನ ಅಗಲದಷ್ಟು ಊರಿಗೆ ಒಂಬತ್ತು ದಿನ. ಎರಡನ್ನೂ ಕೊನೆಗೆ ನೋಡುವುದು ಅದೇ ಗಾಜಿನ ಪರದೆಯ ಮೇಲೆ.

ಇಷ್ಟು ಕಷ್ಟ ಯಾಕೆ, ಕಂಪ್ಯೂಟರಿನಲ್ಲೇ ಕಾಗದದ ಹಾಗೆ ಬಿಡಿಸಬಹುದಿತ್ತಲ್ಲ ಎಂದು ಕೇಳುವವರಿಗೆ ಬೆಳಕಿನ ಲೆಕ್ಕ ಉತ್ತರ ಕೊಡುತ್ತದೆ. 1920 ಅಡ್ಡ, 1080 ಉದ್ದದ ಒಂದು ಪರದೆಯಲ್ಲಿ 20,73,600 ಚುಕ್ಕಿಗಳಿರುತ್ತವೆ. ನೆರಳು ನಿಜದಂತೆ ಕಾಣಬೇಕೆಂದರೆ ಒಂದೊಂದು ಚುಕ್ಕಿಗೂ ಬೆಳಕಿನ ಕಿರಣಗಳು ಎಲ್ಲಿಂದ ಬಂದವು, ಯಾವ ಗೋಡೆಗೆ ಬಡಿದವು ಎಂದು ಕಂಪ್ಯೂಟರ್ ಹುಡುಕಬೇಕು. ಚುಕ್ಕಿಗೆ ಸಾವಿರ ಕಿರಣ ಎಂದರೆ ಒಂದು ಚಿತ್ರಕ್ಕೆ 207 ಕೋಟಿ. ಸೆಕೆಂಡಿಗೆ 24 ಚಿತ್ರ ಎಂದರೆ ಹತ್ತಿರ ಹತ್ತಿರ 5,000 ಕೋಟಿ. ಈಗ ರಟ್ಟಿನ ಮನೆಯೊಳಗೆ ಒಂದು ಚಿಕ್ಕ ಬಲ್ಬು ಹೊತ್ತಿಸಿ. ಅದು ಒಂದು ವ್ಯಾಟಿನ ಸಾವಿರದಲ್ಲೊಂದು ಪಾಲಿನಷ್ಟೇ ಬೆಳಕು ಕೊಟ್ಟರೂ ಸೆಕೆಂಡಿಗೆ 25 ಕೋಟಿ ಕೋಟಿಗೂ ಹೆಚ್ಚು ಬೆಳಕಿನ ಕಣಗಳು ಹೊರಡುತ್ತವೆ. ಕಂಪ್ಯೂಟರಿನ ಕಿರಣಗಳಿಗಿಂತ ಐವತ್ತು ಸಾವಿರ ಪಟ್ಟು ಜಾಸ್ತಿ. ಅವು ರಟ್ಟಿನ ಅಂಚಿಗೆ, ಕಾಗದದ ನಾರಿಗೆ ತಾಗಿ, ಚೆದುರಿ, ಅವುಗಳಲ್ಲಿ ಕೆಲವು ಮಸೂರ ಸೇರುತ್ತವೆ. ಒಂದರ ಲೆಕ್ಕವೂ ತಪ್ಪುವುದಿಲ್ಲ. ಕೈಯಿಂದ ಕಟ್ಟಿದವರು ಈ ಕೆಲಸವನ್ನೆಲ್ಲ ಬೆಳಕಿಗೇ ಬಿಟ್ಟರು. ಹಳೆಯ ಕಾಲದ ಹಟ ಎಂದು ಕಂಡದ್ದು ಹೀಗೆ ಬಹಳ ಲೆಕ್ಕಾಚಾರದ ಕೆಲಸವಾಗಿ ಕಾಣತೊಡಗುತ್ತದೆ.

ರಟ್ಟು ಕತ್ತರಿಸಲು ಅವರು ಲೇಸರ್ ಯಂತ್ರವನ್ನೂ ಬಳಸಿದ್ದಾರೆ. ಹಾಗಾದರೆ ಕೈಕೆಲಸ ಹೇಗಾಯಿತು ಎಂಬ ತಕರಾರು ಕೆಲವರದು. ಅವರು ಒಮ್ಮೆ ಇಟಗಿಗೆ ಬರಬೇಕು. ಮೊದಲು ಯಲಬುರ್ಗಾ ತಾಲ್ಲೂಕಿಗೇ ಸೇರಿದ್ದ, ಈಗ ಕುಕನೂರು ತಾಲ್ಲೂಕಿನಲ್ಲಿರುವ ಇಟಗಿಯಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ ಇದೆ; ಅಲ್ಲಿಯ ಶಾಸನ ಅದನ್ನು ದೇವಾಲಯಗಳ ಚಕ್ರವರ್ತಿ ಎಂದು ಕರೆಯುತ್ತದೆ. 68 ಕಂಬಗಳ ಆ ತೆರೆದ ಮಂಟಪದಲ್ಲಿ ನಿಂತು ಒಂದು ಕಂಬದ ಗುಂಡನೆಯ ಬಳೆಗಳನ್ನು ಬೆರಳಿನಿಂದ ಸವರಿದರೆ ತಿಳಿಯುತ್ತದೆ: ಕಲ್ಲನ್ನು ತಿರುಗಣೆಗೆ ಕೊಟ್ಟು, ತಿರುಗಿಸಿ ಕಡೆದದ್ದು. ಆ ಕಾಲದ ಯಂತ್ರ ಅದು. ಯಂತ್ರ ಕಡೆದ ಕಂಬದ ಮೇಲೆ ಮತ್ತೆ ಉಳಿ ಆಡಿದೆ, ಮಣಿಸರ, ಬಳ್ಳಿ, ಎಲೆ ಮೂಡಿವೆ. ಒಂಬೈನೂರು ವರ್ಷದ ಹಿಂದೆ ಈ ಸೀಮೆಯ ರೂವಾರಿಗಳು ಕೈ ಎಲ್ಲಿ, ಯಂತ್ರ ಎಲ್ಲಿ ಎಂದು ತೀರ್ಮಾನಿಸಿಕೊಂಡಿದ್ದರು. ಲಂಡನ್ನಿನವರೂ ಅದನ್ನೇ ಮಾಡಿದ್ದಾರೆ.

ರಟ್ಟಿನದು ಒಂದು ಬಗೆಯಾದರೆ ಜೇಡಿಯದು ಇನ್ನೊಂದು. 1996ರಲ್ಲಿ ಅಮೆರಿಕದ ಡಗ್ ಟೆನೇಪಲ್ ಮತ್ತು ಸಂಗಡಿಗರು ‘ದ ನೆವರ್‌ಹುಡ್’ ಎಂಬ ಆಟಕ್ಕೆ ಮೂರು ಟನ್ನಿಗೂ ಹೆಚ್ಚು ಜೇಡಿ ಬಳಸಿದರು. ಜನರಿಲ್ಲದ ಒಂದು ವಿಚಿತ್ರ ಊರಿನಲ್ಲಿ ಎಚ್ಚರಗೊಳ್ಳುವ ಜೇಡಿಗೊಂಬೆಯ ಕತೆ ಅದು. ಗೊಂಬೆ ನಡೆಯಬೇಕೆಂದರೆ ಕಾಲನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೊ, ಮತ್ತೆ ಸರಿಸಿ ಮತ್ತೊಂದು. ಸೆಕೆಂಡಿಗೆ 12 ಭಂಗಿ ಎಂದರೂ ಒಂದು ನಿಮಿಷಕ್ಕೆ 720 ಸಲ ಗೊಂಬೆಯನ್ನು ಮುಟ್ಟಬೇಕು. ಆ ಆಟದ ಗೋಡೆಗಳ ಮೇಲೆ ಬೆರಳಚ್ಚು ಕಾಣುತ್ತದೆ. ಯಾರೂ ಅಳಿಸಲಿಲ್ಲ.

ಕೈಯಿಂದ ಮಾಡಿದ ಇಂಥ ಒಗಟಿನಾಟಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ‘ಮೆಷಿನೇರಿಯಂ’. ಚೆಕ್ ದೇಶದ ಬರ್ನೋ ನಗರದ ಅಮಾನಿಟಾ ಡಿಸೈನ್ ತಂಡ 2009ರ ಅಕ್ಟೋಬರಿನಲ್ಲಿ ಇದನ್ನು ಬಿಡುಗಡೆ ಮಾಡಿತು. ಯಾಕುಬ್ ಡ್ವೋರ್ಸ್ಕಿ ಮತ್ತು ಜೊತೆಗಾರರು, ಒಟ್ಟು ಏಳು ಜನ, ಕೈಯ ಉಳಿತಾಯ ಹಾಕಿ ಮೂರು ವರ್ಷ ದುಡಿದರು. ಪ್ರಚಾರಕ್ಕೆ ಎತ್ತಿಟ್ಟ ಹಣ ಒಂದು ಸಾವಿರ ಡಾಲರ್. ಆಗಿನ ದರದಲ್ಲಿ ಐವತ್ತು ಸಾವಿರ ರೂಪಾಯಿಯೂ ಆಗದು. ಮನುಷ್ಯರೇ ಇಲ್ಲದ, ತುಕ್ಕು ಹಿಡಿದ ಲೋಹದ ನಗರ. ರೋಬೋಟುಗಳು ರೋಬೋಟುಗಳನ್ನು ಬೆದರಿಸಿ, ಸುಲಿದು, ಸೆರೆಯಲ್ಲಿಡುವ ಊರು. ಅಲ್ಲಿಂದ ಜೋಸೆಫ್ ಎಂಬ ಪುಟ್ಟ ರೋಬೋಟನ್ನು ಊರಾಚೆಯ ಗುಜರಿ ರಾಶಿಗೆ ಎಸೆದಿದ್ದಾರೆ. ಕೈ ಒಂದು ಕಡೆ, ಕಾಲು ಒಂದು ಕಡೆ. ಮೊದಲ ಒಗಟು ತನ್ನನ್ನು ತಾನೇ ಜೋಡಿಸಿಕೊಳ್ಳುವುದು. ಇಡೀ ಆಟದಲ್ಲಿ ಯಾರೂ ಮಾತಾಡುವುದಿಲ್ಲ. ತಲೆಯ ಮೇಲೆ ಮೂಡುವ ಗುಳ್ಳೆಯೊಳಗಿನ ಚಿತ್ರಗಳೇ ಮಾತು. ಹಾಗಾಗಿ ಇಂಗ್ಲಿಷ್ ಬಾರದ ಹಳ್ಳಿಯ ಹುಡುಗನಿಗೂ ಲಂಡನ್ನಿನ ಹುಡುಗನಿಗೂ ಇದು ಒಂದೇ ಸಮ.

ಅಕ್ಕನ ಮಗ ರಜೆಗೆ ಬಂದಾಗ ಅವನ ಕೈಗೆ ಇದನ್ನು ಕೊಟ್ಟೆ. ಸ್ವಲ್ಪ ಹೊತ್ತು ನೋಡಿ, “ಮಾಮಾ, ಇದರಾಗ ಗುಂಡು ಹೊಡಿಯೂದು ಯಾವಾಗ ಬರತೈತಿ?” ಅಂದ. ಆಡು, ಗೊತ್ತಾಗತೈತಿ ಅಂದೆ. ಜೋಸೆಫ್ ನಗರದ ಸೇತುವೆಗೆ ಬಂದಿದ್ದ. ಕಾವಲುಗಾರ ಬಿಡುತ್ತಿಲ್ಲ. ಹುಡುಗ ಪರದೆಯನ್ನೆಲ್ಲ ಒತ್ತಿ ಒತ್ತಿ ಬೇಸತ್ತು, ಆಮೇಲೆ ಸುಮ್ಮನೆ ಕೂತು ಕಾವಲುಗಾರನನ್ನೇ ನೋಡತೊಡಗಿದ. ನೀಲಿ ಟೊಪ್ಪಿಗೆ, ನೆತ್ತಿಯ ಮೇಲೆ ದೀಪ. ರಸ್ತೆ ಬದಿಗೆ ಇಡುವ ಶಂಕುವಿನಾಕಾರದ ಟೊಪ್ಪಿಯೊಂದು ಅಲ್ಲೇ ಬಿದ್ದಿತ್ತು. ಅದನ್ನು ನೀಲಿ ಬಣ್ಣದಲ್ಲಿ ಅದ್ದಿದ. ದೀಪದ ಕಂಬದಿಂದ ಬಲ್ಬು ಬಿಚ್ಚಿ ಅದರ ತುದಿಗೆ ಸಿಕ್ಕಿಸಿದ. ಜೋಸೆಫ್ ತಲೆಗೆ ಇಟ್ಟುಕೊಂಡು ಹೋಗಿ ನಿಂತ. ಸೇತುವೆ ಕೆಳಗಿಳಿಯಿತು. “ಪೊಲೀಸನ ಟೊಪ್ಪಿಗಿ ಮಾಡೂದಿತ್ತು!” ಎಂದು ಹುಡುಗ ಕಿರುಚಿದ್ದು ಅಡುಗೆಮನೆಯವರೆಗೂ ಕೇಳಿಸಿತು. ಅಂದಹಾಗೆ, ಈ ಆಟದಲ್ಲಿ ಗುಂಡು ಹೊಡೆಯುವುದೂ ಇದೆ. ಒಗಟು ಬಿಡಿಸಲಾಗದೆ ಉತ್ತರದ ಪುಸ್ತಕ ತೆರೆಯಬೇಕೆಂದರೆ ಅದರ ಬೀಗಕ್ಕೆ ಒಂದು ಪುಟ್ಟ ಗುಂಡಿನಾಟ ಆಡಬೇಕು. ಹೊಡೆದಾಟವನ್ನು ಸೋತವನ ದಾರಿಗೆ ಇಟ್ಟ ಆ ಯೋಚನೆಗೆ ನಾನು ಕೈ ಮುಗಿಯುತ್ತೇನೆ.

ಏಳು ಜನ, ಮೂರು ವರ್ಷ: 21 ವರ್ಷದ ದುಡಿಮೆ. 2016ರ ಹೊತ್ತಿಗೆ ಅದರ 40 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಒಬ್ಬೊಬ್ಬರು ಐದೇ ತಾಸು ಆಡಿದರು ಎಂದುಕೊಂಡರೂ 2 ಕೋಟಿ ತಾಸು, ಅಂದರೆ 2,280 ವರ್ಷಗಳಷ್ಟು ಮನುಷ್ಯರ ಹೊತ್ತು ಆ ತುಕ್ಕಿನ ಊರಿನಲ್ಲಿ ಕಳೆದಿದೆ. ಅಶೋಕನ ಶಾಸನಗಳನ್ನು ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಬಂಡೆಯ ಮೇಲೆ ಕೊರೆದಂದಿನಿಂದ ಇಂದಿನವರೆಗೆ ಸಂದ ಕಾಲವೂ ಹೆಚ್ಚುಕಡಿಮೆ ಅಷ್ಟೇ.

ಒಗಟು ಕಟ್ಟುವುದು ಗೋಡೆ ಕಟ್ಟುವುದಕ್ಕಿಂತ ಕಷ್ಟ. ಹತ್ತು ಹಿಡಿಕೆಗಳಿರುವ ಒಂದು ಯಂತ್ರ, ಒಂದೊಂದು ಹಿಡಿಕೆಗೆ ಮೂರು ನೆಲೆ ಎಂದಿಟ್ಟುಕೊಳ್ಳಿ. ಜೋಡಣೆಗಳು 59,049. ಒಂದಕ್ಕೆ ಐದು ಸೆಕೆಂಡಿನಂತೆ ಎಲ್ಲವನ್ನೂ ಪರೀಕ್ಷಿಸಲು 82 ತಾಸು. ಆಡುವವನು ಅದನ್ನು ಹತ್ತು ನಿಮಿಷದಲ್ಲಿ ಬಿಡಿಸಬೇಕು, ಮತ್ತು ತಾನೇ ಬಿಡಿಸಿದೆ ಅನ್ನಿಸಬೇಕು. ಹಾಗೆ ಅನ್ನಿಸಲು ಸುಳಿವನ್ನು ಎಲ್ಲಿ, ಎಷ್ಟು ಬಿಡಬೇಕೆಂಬುದಕ್ಕೆ ಸೂತ್ರವಿಲ್ಲ. ಮತ್ತೆ ಮತ್ತೆ ಜನರಿಗೆ ಆಡಲು ಕೊಟ್ಟು, ಅವರು ಎಡವುವ ಜಾಗ ನೋಡಿ ತಿದ್ದಬೇಕು.

ನಮ್ಮ ಹಳೆಯ ಆಟಗಳು ಇಂಥ ತಿದ್ದುವಿಕೆಯಿಂದಲೇ ಪಳಗಿದವು ಅನ್ನಿಸುತ್ತದೆ. ಹಂಪಿಯ ಗುಡಿಗಳ ಹಾಸುಗಲ್ಲಿನ ಮೇಲೆ ಆಟದ ಮನೆಗಳ ಗೆರೆಗಳು ಇಂದಿಗೂ ಇವೆ. ಆಡು-ಹುಲಿ ಆಟವನ್ನೇ ನೋಡಿ: ಗೆರೆಗಳು ಕೂಡುವ 23 ಜಾಗ, 3 ಹುಲಿ, 15 ಆಡು. ಎಲ್ಲ ಹರಳುಗಳೂ ಮನೆಯ ಮೇಲಿರುವಾಗ ಅವನ್ನು ಇಡಬಹುದಾದ ಬಗೆಗಳು 2,74,57,584. ಹುಲಿ ಆಡು ತಿನ್ನುತ್ತ ಒಂದೊಂದೇ ಕಡಿಮೆಯಾಗುವ ಸ್ಥಿತಿಗಳನ್ನೂ ಕೂಡಿಸಿದರೆ ಮೊತ್ತ 184 ಕೋಟಿ 60 ಲಕ್ಷ ದಾಟುತ್ತದೆ. ಇದಕ್ಕೆ ಬೇಕಾದದ್ದು ಒಂದು ಮೊಳ ಕಲ್ಲು, ಒಂದು ಉಳಿ, ಹದಿನೆಂಟು ಹರಳು. ವಿದ್ಯುತ್ತಿನ ಬಿಲ್ಲಿಲ್ಲ. ಕೈಯಿಂದ ಮಾಡಿದ ಒಗಟಿನಾಟಗಳ ಚರಿತ್ರೆಯನ್ನು ಯಾರಾದರೂ ಬರೆದರೆ ಈ ಹಾಸುಗಲ್ಲುಗಳಿಂದ ಶುರು ಮಾಡಲಿ. ಅವು ಬಿದ್ದಿರುವುದೂ 1565ರಲ್ಲಿ ಹಾಳಾದ ಒಂದು ಮಹಾನಗರದ ನಡುವೆಯೇ.

ಪರದೆಯ ಮೇಲಿನ ಕೇಡಿನ ನಗರಗಳ ಸಾಲಿಗೆ ಸೇರಿದ ಇನ್ನೊಂದು ಆಟ ‘ಹೆರಾಲ್ಡ್ ಹ್ಯಾಲಿಬಟ್’. ಜರ್ಮನಿಯ ಕಲೋನ್ ನಗರದ ಸ್ಲೋ ಬ್ರೋಸ್ ತಂಡ 2012ರಲ್ಲಿ ಹಿಡಿದ ಕೆಲಸವನ್ನು ಮುಗಿಸಿದ್ದು 2024ರ ಏಪ್ರಿಲಿನಲ್ಲಿ. ಭೂಮಿ ಬಿಟ್ಟು ಹೊರಟ ನೌಕೆಯೊಂದು ಎರಡು ಶತಮಾನ ಸಾಗಿ, ಯಾವುದೋ ಗ್ರಹದ ಕಡಲಿನ ತಳಕ್ಕೆ ಬಿದ್ದು, ಅದೇ ಊರಾಗಿದೆ. ಆ ಊರಿನ ಬದುಕು ಒಂದು ನೀರಿನ ಕಂಪನಿಯ ಹಿಡಿತದಲ್ಲಿದೆ. ಸುತ್ತಲೂ ಕಡಲು, ಮುಷ್ಟಿಯಲ್ಲಿ ನೀರು. ಮಳೆಯ ದಾರಿ ಕಾಯುವ ಯಲಬುರ್ಗಾದ ಜನಕ್ಕೆ ಆ ಕತೆಯನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಆದರೆ ನನ್ನ ಕುತೂಹಲ ಅದನ್ನು ಮಾಡಿದ ಬಗೆಯಲ್ಲಿ. ಗೊಂಬೆ, ಕುರ್ಚಿ, ಬಾಗಿಲು ಎಲ್ಲವನ್ನೂ ಮೊದಲು ಕೈಯಿಂದ ಮಾಡಿ, ಬಟ್ಟೆ ಹೊಲಿದು, ಬಣ್ಣ ಹಚ್ಚಿ, ಆಮೇಲೆ ಸುತ್ತಲಿಂದ ಫೋಟೊ ತೆಗೆದು, ಆ ಫೋಟೊಗಳನ್ನು ಹೊಂದಿಸಿ ಕಂಪ್ಯೂಟರಿನೊಳಗೆ ಅದೇ ಗೊಂಬೆಯನ್ನು ಎಬ್ಬಿಸಿದರು. ಒಮ್ಮೆ ಎದ್ದ ಗೊಂಬೆಯನ್ನು ಬೇಕಾದಂತೆ ನಡೆಸಬಹುದು. ನಿಮಿಷಕ್ಕೆ 720 ಸಲ ಮುಟ್ಟುವ ಹಂಗಿಲ್ಲ.

ಇದನ್ನು ಓದಿದಾಗಿನಿಂದ ನನ್ನ ತಲೆಯಲ್ಲಿ ಕಿನ್ನಾಳ ಕೂತಿದೆ. ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರ ಮನೆತನಗಳು ಮಾಡುವ ಗೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಹಂಪಿಯ ವಿರೂಪಾಕ್ಷ ಗುಡಿಯ ಚಾವಣಿ ಚಿತ್ರಗಳನ್ನು ಬರೆದವರು ಇವರ ಹಿರಿಯರು ಎಂಬ ಪ್ರತೀತಿಯೂ ಇದೆ. ಹಗುರವಾದ ಮರವನ್ನು ಅಂದಾಜಿಗೆ ಕೆತ್ತಿ ಕೈ, ಕಾಲು, ತಲೆ ಜೋಡಿಸುತ್ತಾರೆ. ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಕಟ್ಟಿಗೆಯ ಹೊಟ್ಟು ಸೇರಿಸಿ, ಹುಣಸೆ ಬೀಜದ ಅಂಟಿನಲ್ಲಿ ಕಲಸಿದ ‘ಕಿಟ್ಟ’ವನ್ನು ಮೈಗೆಲ್ಲ ಕೈಯಿಂದಲೇ ಮೆತ್ತುತ್ತಾರೆ. ಅದರ ಮೇಲೆ ಅಂಟಿನಿಂದ ಹತ್ತಿಯ ತುಣುಕು, ಮೇಲೆ ನುಣ್ಣಗೆ ಅರೆದ ಕಲ್ಲಿನ ಪುಡಿಯ ಲೇಪ. ಒಡವೆಗಳು ಉಬ್ಬಿ ಕಾಣಬೇಕಾದಲ್ಲಿ ಅದೇ ಲೇಪವನ್ನು ಎಳೆಯಾಗಿ ಎಳೆಯುತ್ತಾರೆ. ಪ್ರತಿ ಹಂತಕ್ಕೂ ಒಣಗಲು ಬಿಡಬೇಕು. ಅವಸರ ಮಾಡಿದರೆ ಬಿರುಕು. ಬಣ್ಣವಾದ ಮೇಲೆ ಬಂಗಾರದ ಹೊಳಪಿಗೆ ‘ಲಾಜವಾರ’: ತವರವನ್ನು ಬಡಿದು ತೆಳುವಾಗಿಸಿ ಮಾಡುವ ಕೆಲಸ. ಹಲಗೆ ಮೇಲೆ ಕೂತ ಕಿನ್ನಾಳದ ಗರುಡನ ಕಣ್ಣು ದೂರದಿಂದಲೇ ನಿಮ್ಮನ್ನು ಹಿಡಿದು ನಿಲ್ಲಿಸುತ್ತದೆ.

ಇದೇ ಜಿಲ್ಲೆಯ ಭಾನಾಪುರದಲ್ಲಿ, ಕುಕನೂರಿನ ಹತ್ತಿರ, 2021ರ ಜನವರಿಯಲ್ಲಿ ಆಟಿಕೆ ಕೈಗಾರಿಕಾ ವಲಯಕ್ಕೆ ಅಡಿಗಲ್ಲು ಬಿತ್ತು. 400 ಎಕರೆ, 5,000 ಕೋಟಿ ರೂಪಾಯಿ ಹೂಡಿಕೆ, 40,000 ಉದ್ಯೋಗ ಎಂಬುದು ಅಂದು ಹೇಳಿದ ಗುರಿ. ಅಲ್ಲಿ ಅಚ್ಚಿನಿಂದ ಬರುವ ಆಟಿಕೆಗಳಿಂದ ನಮ್ಮ ಹುಡುಗರಿಗೆ, ಹೆಣ್ಣುಮಕ್ಕಳಿಗೆ ಕೆಲಸ ಸಿಗಲಿ ಎಂದು ಮನಸಾರೆ ಹಾರೈಸುತ್ತೇನೆ. ಆದರೆ 400 ಎಕರೆಯೂ ಬೇಡದ, ಒಂದು ಪಡಸಾಲೆ ಸಾಕಾಗುವ ಇನ್ನೊಂದು ಆಟಿಕೆ ಉದ್ಯಮ ಇದೆ ಎಂಬುದನ್ನು ಈ ಜಿಲ್ಲೆಯ ಯಾರಾದರೂ ಕಿವಿಗೆ ಹಾಕಿಕೊಳ್ಳಬೇಕು.

ಬಿಸಿಲು ನೇರ ಬೀಳದ ಪಡಸಾಲೆಯಲ್ಲಿ ತಿರುಗುವ ಮಣೆಯ ಮೇಲೆ ಆ ಗರುಡನನ್ನು ಇಡಿ. ಹತ್ತು ಡಿಗ್ರಿಗೆ ಒಂದರಂತೆ ಸುತ್ತಲೂ 36 ಫೋಟೊ. ಮೇಲಿನಿಂದ, ಸಮಕ್ಕೆ, ಕೆಳಗಿನಿಂದ ಎಂದರೆ 108. ಸಾಧಾರಣ ಮೊಬೈಲಿನ ಕ್ಯಾಮೆರಾ ನಡೆಯುತ್ತದೆ, ಫೋಟೊ ಹೊಂದಿಸುವ ತಂತ್ರಾಂಶ ಪುಕ್ಕಟೆಯಾಗಿಯೂ ಸಿಗುತ್ತದೆ. ಒಂದೇ ತೊಡಕು ಲಾಜವಾರದ್ದು: ಹೊಳೆಯುವ ಮೈಯನ್ನು ಈ ವಿಧಾನ ಸರಿಯಾಗಿ ಓದಲಾರದು. ಹೊಳಪು ಹಚ್ಚುವ ಮುಂಚೆಯೇ ಫೋಟೊ ತೆಗೆದು, ಬಂಗಾರವನ್ನು ಆಮೇಲೆ ಕಂಪ್ಯೂಟರಿನಲ್ಲಿ ಕೂಡಿಸಬೇಕು. ಅದನ್ನು ಎಲ್ಲಿ ಎಷ್ಟು ಎಂದು ಕಲಾವಿದನೇ ಪಕ್ಕದಲ್ಲಿ ಕೂತು ತೋರಿಸಬೇಕು. ಇಟಗಿಯ ಮಂಟಪದ ಕಂಬಗಳು, ಹಂಪಿಯ ಹಾಸುಗಲ್ಲಿನ ಗೆರೆಗಳು, ಕಿನ್ನಾಳದ ಗೊಂಬೆಗಳು: ಒಗಟಿನ ಊರಿಗೆ ಬೇಕಾದ ಸಾಮಾನೆಲ್ಲ ಒಂದು ಬಸ್ಸಿನ ದಾರಿಯೊಳಗೆ ಇದೆ. ಆಟ ಕಟ್ಟುವವರು ಕರಾರುಪತ್ರ ಬರೆಯುವ ದಿನವೇ ಗೊಂಬೆ ಮಾಡಿದವರ ಹೆಸರು ಅದರಲ್ಲಿ ಬರಬೇಕು, ಮಾರಿದ ಪ್ರತಿಯೊಂದು ಪ್ರತಿಯಲ್ಲೂ ಅವರ ಪಾಲು ಬರೆದಿರಬೇಕು. ಮೆಷಿನೇರಿಯಂ ಮಾರಿದಷ್ಟು ಮಾರಿದರೆ, ಪ್ರತಿಗೆ ಒಂದೇ ಒಂದು ರೂಪಾಯಿ ಎಂದರೂ ಕಿನ್ನಾಳಕ್ಕೆ ಬರುವುದು 40 ಲಕ್ಷ.